ತಿಳಿ

ಸ್ವಾರಗೇಟಿನಲ್ಲಿ ಬಸ್ಸು ಹತ್ತುವಾಗ ಕಂಡಕ್ಟರ್ ಕೇಳಿದ,
ಡಬ್ಬಿಯಲ್ಲಿ ಮೀನೇ?
ಅಲ್ಲ, ಖಾಲಿ ಸೀಸೆ ಎಂದೆ.
ಖಾಲಿ ಸೀಸೆಗೂ ಅರ್ಧ ಟಿಕೆಟು ಹರಿದ.

ಹಿನ್ನೀರನ್ನು ಲಾಂಚಿನಲ್ಲಿ ದಾಟಿ
ಎರಡು ತಾಸು ಗುಡ್ಡ ಏರಿದರೆ ಉಂಬರದರೆ.
ಅಲ್ಲಿ ನಿಂತು ನೋಡಿದರೆ ಕೆಳಗೆ
ಕಣ್ಣು ಹಾಯುವಷ್ಟೂ ನೀರು,
ಪುಣೆಯ ಮಂದಿ ನಾಳೆ ಕಾರು ತೊಳೆಯುವ ನೀರು.
ಊರಿಗೆ ಮಾತ್ರ ಅತ್ತಿಮರದ ಬುಡದಲ್ಲಿ ಒಂದೇ ಒರತೆ.
ಚಿಪ್ಪಿನಿಂದ ತೋಡಿ, ಕಾದು, ಮತ್ತೆ ತೋಡಿ
ಕೊಡವೊಂದಕ್ಕೆ ಮುಕ್ಕಾಲು ತಾಸು.

ಹೌಸಾಬಾಯಿ ಚಿಪ್ಪನ್ನು ಬೆಳಕಿಗೆ ಹಿಡಿದಳು:
‘ನೋಡು, ಎಷ್ಟು ನಿತಳ!’
ನಮ್ಮಲ್ಲಿ ತಿಳಿ ಅಂತೀವಿ ಎಂದೆ.
ತಿಳೀ, ತಿಳೀ, ನಾಲಗೆಯ ಮೇಲೆ ಹೊರಳಿಸಿ ನಕ್ಕಳು.
ಜಮಖಂಡಿಯ ನನ್ನವ್ವನ ಮಾತಿನಲ್ಲಿ
ಅದಕ್ಕೆ ಇನ್ನೊಂದು ಅರ್ಥವಿದೆ ಎಂದು ಹೇಳಲಿಲ್ಲ.
ನನ್ನ ಮರಾಠಿ ಅಷ್ಟು ದೂರ ನಡೆಯುವುದಿಲ್ಲ.

ಸೀಸೆ ಇಡೀ ರಾತ್ರಿ ಬೆಚ್ಚಗಿರಬೇಕು.
ನೀರು ಕೆಟ್ಟದ್ದಾದರೆ ಕಪ್ಪಾಗುತ್ತದೆ, ಪರೀಕ್ಷೆ ಇಷ್ಟೇ.
ಹೊರಗೆ ಮಾಘದ ಚಳಿ, ಊರಲ್ಲಿ ಕರೆಂಟಿಲ್ಲ.
‘ಕೊಡಿಲ್ಲಿ’ ಎಂದು ಇಸಿದುಕೊಂಡು
ಸೆರಗಲ್ಲಿ ಸುತ್ತಿ, ಕೌದಿಯೊಳಕ್ಕೆ ಎಳೆದುಕೊಂಡು
ಮಗ್ಗುಲಲ್ಲಿ ಮಲಗಿಸಿಕೊಂಡಳು.
ನಿದ್ದೆಗಣ್ಣಲ್ಲಿ ಒಮ್ಮೆ ಅದನ್ನು ತಟ್ಟಿದ್ದೂ ಕೇಳಿಸಿತು.

ಬೆಳಗಾದ ಮೇಲೆ ಬಿಚ್ಚಿದಳು.
ಕಾಡಿಗೆ.

‘ಯಾವಾಗಿನಿಂದ?’
ನಿನ್ನೆ ಸಂಜೆ ತುಂಬಿದ್ದಲ್ಲವೇ ಎಂದೆ.
‘ಸೀಸೆ ಅಲ್ಲ. ಒರತೆ. ಯಾವಾಗಿನಿಂದ?’

ನನ್ನ ಫಾರಮಿನಲ್ಲಿ ಆ ಕಾಲಮು ಇಲ್ಲ.

ಆಮೇಲೆ ಅವಳೇ ಹೇಳಿದಳು, ಒಲೆಗೆ ಕಡ್ಡಿ ಮುರಿದು ಹಾಕುತ್ತಾ.
ಮೊದಲನೆಯದು ಹನ್ನೊಂದು ತಿಂಗಳದ್ದು,
ಹೊಸಮಳೆಯಲ್ಲಿ ಎರಡು ದಿನ ವಾಂತಿ, ಭೇದಿ.
ಎರಡನೆಯದಕ್ಕೆ ದಗಡೂ ಎಂದು ಹೆಸರಿಟ್ಟರು.
ಕಲ್ಲೆಂದು ಕರೆದರೆ ಸಾವು ಮುಟ್ಟದಂತೆ.
ಮುಟ್ಟಿತು.
ಒರತೆಯ ಏಳು ಆಸರಾ ದೇವಿಯರ ಕಣ್ಣು ಬಿತ್ತು ಅಂದರು.
ಏಳು ಕಲ್ಲಿಗೂ ಹಸಿರು ಬಳೆ, ಖಣದ ತುಂಡು, ಮೊಸರನ್ನ.
ಇಪ್ಪತ್ತಾರು ವರ್ಷ
ಬೆಳಗ್ಗೆ ಅವರಿಗೆ ಕೈಮುಗಿದಳು, ರಾತ್ರಿ ಶಪಿಸಿದಳು.

ನೀರು ತಿಳಿಯಾಗಿತ್ತು.
ತಿಳಿದಿರಲಿಲ್ಲ.

ಪೈಪು ಬರಲು ಮೂರು ಬೇಸಿಗೆ ಹಿಡಿಯಿತು.
ಒಂದು ಸಹಿಗಳಿಗೆ, ಒಂದು ಅರಣ್ಯ ಇಲಾಖೆಗೆ,
ಕಡೆಯದು ಹೆಗಲುಗಳಿಗೆ. ಕತ್ತೆಯೂ ಏರದ ಕಡೆ
ಊರೇ ಹೊತ್ತಿತು, ಬಾಣಂತಿಯರನ್ನು ಬಿಟ್ಟು.
ಕೆಳಗಿನ ಅದೇ ಹಿನ್ನೀರು, ಮೇಲೆತ್ತಿ, ಸೋಸಿ, ಮದ್ದು ಬೆರೆಸಿ.
ನಲ್ಲಿ ಮೊದಲು ಕೆಮ್ಮಿತು,
ಕೆಂಪಗೆ ಉಗುಳಿತು,
ಆಮೇಲೆ ಬಂತು.

ಮತ್ತೆ ಸೀಸೆ. ಮತ್ತೆ ಅದೇ ಕೌದಿ.
ಬೆಳಗ್ಗೆ ಬೆಲ್ಲದ ಪಾನಕದ ಬಣ್ಣ, ರಾತ್ರಿ ಇದ್ದ ಹಾಗೆಯೇ.
ಒಂದು ಗುಟುಕು ಕುಡಿದು, ದವಾಖಾನೆ ನಾತ ಎಂದು ಮೂಗು ಮುರಿದು,
ಏಳು ಲೋಟ ತುಂಬಿ ತಾಟಿನಲ್ಲಿಟ್ಟುಕೊಂಡು
ಅತ್ತಿಮರದ ದಾರಿ ಹಿಡಿದಳು.

ಎಲ್ಲಿಗೆ ಎಂದೆ.

‘ಸುಮ್ಮಸುಮ್ಮನೆ ಅವರನ್ನ ಕಳ್ಳಿಯರು ಅಂದೆ.
ತಪ್ಪಾಯ್ತು ಅಂತ ಹೇಳಿ ಬರ್ತೀನಿ.
ಪಾಪ,
ಅವರೂ ಅದನ್ನೇ ಕುಡೀತಿದ್ದರಲ್ಲ.’