ಹತ್ತನೆಯ ಕಾಳು

ಸುಗ್ಗಿಯ ಭಾನುವಾರ. ಮಂಡ್ಯದ ನಮ್ಮ ಸಣ್ಣ ಚರ್ಚಿನಲ್ಲಿ
ಬಲಿಪೀಠಕ್ಕೆ ಒರಗಿಸಿದ ಕಬ್ಬು, ಬೆಲ್ಲದ ಅಚ್ಚು,
ಕಾಲು ಕಟ್ಟಿದ ಎರಡು ಹುಂಜ, ಒಂದು ಕುಂಬಳಕಾಯಿ.
ಆರಾಧನೆ ಮುಗಿದರೆ ಎಲ್ಲವೂ ಹರಾಜಿಗೆ.
ಅದಕ್ಕೆ ಮೊದಲು ಆ ಕೀರ್ತನೆ.

ಅಯ್ಯನವರು ಒಂದು ಸಾಲು ಓದುತ್ತಾರೆ,
ಸಭೆ ಅದೇ ಒಂದು ಮಾತನ್ನು ಮರಳಿ ಹೇಳುತ್ತದೆ:
ನೀರ ಮೇಲೆ ಹಾಸಿದ ನೆಲಕ್ಕೊಮ್ಮೆ,
ಹಗಲಾಳುವ ಸೂರ್ಯನಿಗೊಮ್ಮೆ,
ಒಟ್ಟು ಇಪ್ಪತ್ತಾರು ಸಲ.
ಮಕ್ಕಳಾದ ನಮಗೆ ಅದೊಂದು ಮುಗಿಯದ ಮಗ್ಗಿ.

ಅದಕ್ಕೇ ದೊರ್ಕಮ್ಮ ದೊಡ್ಡಮ್ಮ
ನನ್ನ ಮಡಿಲಿಗೆ ಅವರೆಕಾಳು ಸುರಿಯುತ್ತಿದ್ದಳು.
"ಒಂದ್ಸಲ ಹೇಳು, ಒಂದು ಕಾಳು ನನ್ ಸೆರಗಿಗೆ ಹಾಕು.
ಮಡ್ಲು ಬರಿದಾದ್ರೆ ಮನೇಗ್ ಹೋಗದೇ ಕಣವ್ವಾ."

ಎಣಿಸುತ್ತಿದ್ದೆನಲ್ಲ, ಆದ್ದರಿಂದ ಬಲ್ಲೆ:
ಹತ್ತನೆಯದಕ್ಕೆ ಅವಳ ತುಟಿ ಅಲುಗುತ್ತಿರಲಿಲ್ಲ.
ಐಗುಪ್ತದ ಚೊಚ್ಚಲು ಮಕ್ಕಳನ್ನು ಹೊಡೆದ ಸಾಲು ಅದು.
ಆ ಕಾಳು ಸೆರಗಿಗೆ ಬೀಳುವ ಮೊದಲೇ
ಅವಳ ಮುಷ್ಟಿಯೊಳಗೆ.

ಜಯಶೀಲ, ಅವಳ ಚೊಚ್ಚಲು,
ಎಮ್ಮೆ ಮೈ ತೊಳೆಯಲು ನಾಲೆಗೆ ಹೋದವನು.
ನಾನು ಹುಟ್ಟುವ ಮುಂಚಿನ ಮಾತು.
ಆದರೂ ಮೂರು ಸಾಲು ಕಳೆದು
ಸಮುದ್ರ ಇಬ್ಭಾಗವಾಯಿತು ಎಂದು ಓದಿದಾಗ
ಎಲ್ಲರಿಗಿಂತ ಜೋರಾಗಿ ಅವಳದೇ ದನಿ.
ನಾಲೆ ಇಬ್ಭಾಗವಾಗಲಿಲ್ಲವಲ್ಲ ದೊಡ್ಡಮ್ಮ,
ಎಂದು ನಾನು ಯಾವತ್ತೂ ಕೇಳಲಿಲ್ಲ.

ಹೊಸದಾಗಿ ಬಂದ ನತಾನಿಯೇಲ ಅಯ್ಯನವರು
ಒಂದು ವರ್ಷ ಪ್ರಸಂಗದ ನಡುವೆ ದಾರಿ ತಪ್ಪಿ ಹೇಳಿದರು:
ಯೆಹೂದ್ಯರೂ ಪಸ್ಕದ ರಾತ್ರಿ ಇದನ್ನೇ ಹೇಳುತ್ತಾರೆ,
ಅದೇ ರಾತ್ರಿ ಹತ್ತು ಬಾಧೆಗಳ ಹೆಸರೆತ್ತುವಾಗ
ಬಟ್ಟಲಿಂದ ಹನಿ ಹನಿ ದ್ರಾಕ್ಷಾರಸ ತೆಗೆದುಬಿಡುತ್ತಾರೆ,
ಅತ್ತ ಕಡೆಯೂ ಅತ್ತವರಿದ್ದರು ಎಂದು,
ತುಂಬಿದ ಬಟ್ಟಲು ಎತ್ತಬಾರದು ಎಂದು.

ದೊಡ್ಡಮ್ಮ ಕನ್ನಡಕ ತೆಗೆದು ಒರೆಸಿದಳು.
"ನೋಡ್ದಾ, ನಾನೊಬ್ಳೇ ಅಲ್ಲ."
ಯಾರಿಗೆ ಹೇಳಿದಳೋ.
ಅವತ್ತು ಹರಾಜಿನಲ್ಲಿ ಆ ಕುಂಬಳಕಾಯಿಗೆ
ಹುಚ್ಚು ಬೆಲೆ ಕೂಗಿದಳು, ಹೊರಲಾರದೆ ನನಗೆ ಹೊರಿಸಿದಳು.

ಈ ಸಲ ಅವಳಿಲ್ಲ.
ಅವಳ ಬೆಂಚಿನ ತುದಿಗೆ ನಾನು. ಮಡಿಲಲ್ಲಿ ಕಾಳಿಲ್ಲ,
ಬೆರಳ ಗೆಣ್ಣುಗಳ ಮೇಲೆ ಎಣಿಸುತ್ತ ಬಂದೆ.
ಹತ್ತಕ್ಕೆ ಬಾಯಿ ಮುಚ್ಚಿಕೊಂಡೆ.
ಸಭೆ ಹೇಳಿತು, ನಾನಿಲ್ಲದೆಯೂ, ತಪ್ಪದೆ.
ಹಾರ್ಮೋನಿಯಂ ತಿದಿ ಒಮ್ಮೆ ಸುಮ್ಮನೆ ಉಸಿರು ಬಿಟ್ಟಿತು.

ಇಪ್ಪತ್ತೈದಕ್ಕೆ, ಎಲ್ಲ ಜೀವಕ್ಕೂ ಉಣಿಸುವವನು ಎಂಬಲ್ಲಿ
ಹುಂಜವೊಂದು ಕೂಗಿತು, ಹುಡುಗರು ಕಿಸಕ್ಕೆಂದವು.
ನಗುತ್ತಲೇ ನಾನೂ ಹೇಳಿದೆ.
ಮುಷ್ಟಿ ಮಾತ್ರ
ಇನ್ನೂ ಬಿಚ್ಚಿರಲಿಲ್ಲ.