ಟೀಗೆ ಏನಿತ್ತು?

ಬಾರ್ನ್ಸ್ಲಿಗೆ ಬಂದ ಮೊದಲ ವಾರವೇ ನಗೆಪಾಟಲಾದೆ.
"ಗುರುವಾರ ಟೀಗೆ ಬಾ" ಅಂದಿದ್ದಳು ಗ್ಲೆನಿಸ್.
ನಾನು ದಕ್ಷಿಣದವಳು, ಗಿಲ್ಡ್‌ಫರ್ಡಿನವಳು.
ಟೀ ಅಂದರೆ ಟೀ, ಬಸಿಯ ಅಂಚಿಗೊಂದು ಬಿಸ್ಕತ್ತು,
ಅಷ್ಟೇ ತಾನೆ ಅಂದುಕೊಂಡು
ಮನೆಯಲ್ಲೇ ಹೊಟ್ಟೆ ಬಿರಿಯ ತಿಂದು ಹೋದರೆ,
ಅಲ್ಲಿ ಮೇಜಿನ ತುಂಬ ಮಾಂಸದ ಪೈ, ಹಿಸುಕಿದ ಆಲೂಗಡ್ಡೆ,
ಬಟಾಣಿ, ಹಬೆಯಾಡುವ ಗ್ರೇವಿ,
ಕತ್ತಿಗೆ ಕರವಸ್ತ್ರ ಸಿಕ್ಕಿಸಿ ಕಾಯುತ್ತ ಕೂತ ಅವಳ ಗಂಡ ನೆವಿಲ್.
ಬೆಲ್ಟಿನ ಒಂದು ತೂತು ಸಡಿಲಿಸಿದೆ.
ತಿಂದೆ.
ಎರಡನೆಯ ಸಲ ಬಡಿಸಿದಾಗಲೂ.

ಮರುದಿನ ಶಾಲೆಯ ಅಡುಗೆಕೋಣೆಯಲ್ಲಿ
ಎಂಟು ಕಿಲೋ ಕ್ಯಾರೆಟ್ ಹೆಚ್ಚುತ್ತ ನನಗೆ ಪಾಠ:
"ಕೇಳು ಹುಡುಗಿ,
ಬೆಳಗಿಂದು ಬ್ರೇಕ್‌ಫಾಸ್ಟು, ಅದರಲ್ಲಿ ತಕರಾರಿಲ್ಲ.
ಹನ್ನೆರಡಕ್ಕೆ ಡಿನ್ನರು. ಐದಕ್ಕೆ ಟೀ.
ಮಲಗೋ ಮುಂಚೆ ಟೋಸ್ಟು ಕಡಿದರೆ ಸಪ್ಪರು.
ಲಂಚು ಅನ್ನೋದು ಟೈ ಕಟ್ಟಿದವರು ತಗೊಳ್ಳೋದು.
ನಾವು ಡಿನ್ನರ್ ಲೇಡಿಗಳು.
ಲಂಚ್ ಲೇಡಿ ಅಂತ ಯಾರಾದರೂ ಕೂಗಿದ್ದು ಕೇಳಿದೀಯಾ?"

ಕೇಳಿರಲಿಲ್ಲ.
ಕೌನ್ಸಿಲ್ಲಿನವರು ಮಾತ್ರ ಆ ಸೆಪ್ಟೆಂಬರಿನಲ್ಲಿ
ಎದೆಗೆ ಚುಚ್ಚಿಕೊಳ್ಳಲು ಬಿಲ್ಲೆ ಕಳಿಸಿದರು:
ಮಧ್ಯಾಹ್ನಭೋಜನ ಮೇಲ್ವಿಚಾರಣಾ ಸಹಾಯಕಿ.
ಗ್ಲೆನಿಸ್ ಅದನ್ನು ಒಂದೊಂದೇ ಅಕ್ಷರ ಓದಿ,
"ಇಷ್ಟುದ್ದ ಕರೆಯೋದರೊಳಗೆ ಗ್ರೇವಿ ಆರುತ್ತೆ" ಅಂದು
ಹರಿದ ಏಪ್ರನ್ನಿನ ದಾರಕ್ಕೆ ಪಿನ್ನು ಮಾಡಿಕೊಂಡಳು.

ಸೌಟು ಎತ್ತುವಾಗ ಪ್ರತಿ ಮಗುವಿಗೂ ಅವಳದೊಂದು ಪ್ರಶ್ನೆ.
"ನಿನ್ನೆ ಟೀಗೆ ಏನಿತ್ತು, ಬಂಗಾರ?"
ಮೀನಿನ ಕಡ್ಡಿ. ಸಾಸೇಜು. ಬೀನ್ಸು, ಮತ್ತೆ ಬೀನ್ಸು.
ಅಪ್ಪನ ಮನೇಲೊಂದು ಟೀ, ಅಮ್ಮನ ಮನೇಲಿ ಇನ್ನೊಂದು ಟೀ
(ಇವನು ಪುಣ್ಯವಂತ).
ಹಾಗೇ ಸಾಲು ಸರಿಯುತ್ತ ಕೋರಿ ಹ್ಯಾಗ್‌ನ ಸರದಿ ಬಂತು,
ಎರಡನೇ ತರಗತಿ, ಮುಂದಿನ ಹಲ್ಲಿಲ್ಲ.
"ಟೀ" ಅಂದ.
"ಟೀಗೆ ಏನಿತ್ತು ಅಂದೆ."
"ಟೀ. ಸಕ್ಕರೆ ಹಾಕಿದ್ದು."

ಸಾಲು ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ.
ನನ್ನ ಊರಿನ ಲೆಕ್ಕದಲ್ಲಿ ಅವನ ಉತ್ತರ ಸರಿಯಿತ್ತು.
ಗ್ಲೆನಿಸ್ ನಗಲಿಲ್ಲ.
ಸೌಟು ಗಾಳಿಯಲ್ಲಿ ನಿಂತಿತು,
ತುದಿಯಿಂದ ಒಂದು ಹನಿ ಗ್ರೇವಿ ಬೀಳುವಷ್ಟು ಹೊತ್ತು.
ಆಮೇಲೆ ಅವನ ತಟ್ಟೆಗೆ ಪೈಯ ಮೂಲೆ ತುಂಡು,
ಎರಡು ಕಡೆ ಅಂಚಿರುವುದು, ಎಲ್ಲರೂ ಕಣ್ಣಿಡುವುದು.

ಆಗಿನಿಂದ ಮೂಲೆ ತುಂಡು ಅವನದೇ.
ತೂಕದ ಪಟ್ಟಿಯಲ್ಲಿ ಅದಕ್ಕೆ ಚೌಕವಿರಲಿಲ್ಲ;
ಬರೆಯಲೂ ಇಲ್ಲ, ಯಾರೂ ಕೇಳಲೂ ಇಲ್ಲ.
ತಟ್ಟೆ ಓದುವುದನ್ನು ನಾನು ಕಲಿತದ್ದೂ ಆಗಲೇ.
ಶುಕ್ರವಾರ ಎಲೆಕೋಸು ಅಂಚಿನಲ್ಲಿ ಉಳಿದಿರುತ್ತದೆ.
ಸೋಮವಾರ ಕೆಲವು ತಟ್ಟೆ
ತೊಳೆದಿಟ್ಟಂತೆಯೇ ತೊಳೆಯಲು ಬರುತ್ತವೆ.

ಈಗ ಅಮ್ಮ ಒಂದು ಗಂಟೆಗೆ ಫೋನು ಮಾಡಿದರೆ
"ಡಿನ್ನರ್ ಆಯ್ತು" ಅನ್ನುತ್ತೇನೆ,
ಆ ಕಡೆ ಗಡಿಯಾರ ನೋಡುವ ಮೌನ.

ಜುಲೈ, ಬೇಸಿಗೆ ರಜೆಗೆ ಮುಂಚಿನ ಕೊನೆಯ ದಿನ.
ಬ್ರೆಡ್ಡಿನ ತುದಿಗಳು, ಚೀಸು, ಎರಡು ಸೇಬು
ಕಾಗದದಲ್ಲಿ ಸುತ್ತಿ ಅವನ ಚೀಲಕ್ಕೆ ತುರುಕುತ್ತ
"ಇದು ಟೀಗೆ, ಮಿಕ್ಕಿದ್ದು ಸಪ್ಪರಿಗೆ" ಅಂದಳು ಗ್ಲೆನಿಸ್
(ಗೊತ್ತಾದರೆ ಕೆಲಸ ಹೋಗುತ್ತಿತ್ತು).

ಕೋರಿ ತಲೆಯೆತ್ತಿ ಕೇಳಿದ:
"ಸಪ್ಪರ್ ಅಂದರೆ ಯಾವ ಹೊತ್ತಿಂದು?"

ಎಲ್ಲ ಹೊತ್ತಿಗೂ ಒಂದು ಹೆಸರು ಗೊತ್ತಿದ್ದವಳು
ಒರೆಸಿದ್ದ ಕಟ್ಟೆಯನ್ನೇ ಇನ್ನೊಮ್ಮೆ ಒರೆಸಿದಳು.
"ಕಸ್ಟರ್ಡ್ ಇದೆ, ತಳದಲ್ಲಿ" ಅಂದಳು.
"ಮೇಲಿನ ಕೆನೆ ಬೇಕಾ?"
ಬೇಕು ಅಂದ.