ಪೆನ್ಸಿಲಿನ ತೂಕ

ರಾಬರ್ಟ್‌ಸನ್‌ಪೇಟೆಯ ಅರ್ಪುದಮ್ಮನ ಗುಜರಿಯಲ್ಲಿ
ಮಂಗಳಗ್ರಹಕ್ಕೂ ಹಳೇ ಟಯರಿಗೂ ಒಂದೇ ತಕ್ಕಡಿ.
ಕಿಲೋಗೆ ನಲವತ್ತು.

ತಗಡಿನ ಕೆಳಗೆ ಮೂಗಿಗೆ ಟವೆಲ್ ಕಟ್ಟಿ
ಗೋಣಿಚೀಲ ಬಗ್ಗಿಸಿ ಕೆದಕುತ್ತೇನೆ:
ಮೂರು ಕಣ್ಣಿನ ಹಸಿರು ದೊರೆ,
ಗಾಜಿನ ಬೋಗುಣಿ ತಲೆಗೆ ಕವುಚಿಕೊಂಡು ನಗುವ ಹೆಂಗಸು,
ಬೆನ್ನು ಮುರಿದ ರಾಕೆಟ್ಟು,
ಎರಡು ಶಿಲಿಂಗ್ ಆರು ಪೆನ್ಸ್ ಎಂಬ ಬೆಲೆ ಇನ್ನೂ ಮಾಸದ,
ಬೀಡಿ ವಾಸನೆಯ ಪುಟ್ಟ ಪುಟ್ಟ ನಾಳೆಗಳು.
ಎಲ್ಲ ನಾಳೆಗಳೂ ಕಳೆದುಹೋದವು.
ಇದರಲ್ಲಿ ಎಪ್ಪತ್ತೊಂಬತ್ತಕ್ಕೇ ಚಂದ್ರನಲ್ಲಿ ಮುನಿಸಿಪಾಲಿಟಿ!

ಒಂದು ಸಿಕ್ಕಿತು. ಆರು ಜನ
ಯಾವುದೋ ಗ್ರಹದ ಹೊಟ್ಟೆ ಕೊರೆದು ಇಳಿಯುವ ಕತೆ.
ಇಂಗ್ಲಿಷಿನ ಅಂಚಿನ ತುಂಬ ಪೆನ್ಸಿಲು, ತಮಿಳಲ್ಲಿ.
ನನಗೆ ಓದಲು ಬಾರದು. ಅರ್ಪುದಮ್ಮ ಕನ್ನಡಕ ಹುಡುಕಿ
ಪುಸ್ತಕವನ್ನು ಬೆಳಕಿಗೆ ಹಿಡಿದಳು.

"ಸುಳ್ಳು ಅಂತ ಬರ್ದವ್ನೆ ಇಲ್ಲಿ.
ಅಷ್ಟು ಕೆಳಗೆ ತಣ್ಣಗಿರಲ್ಲ, ಬಂಡೆ ಮುಟ್ಟಿದ್ರೆ ಬೊಬ್ಬೆ, ಅಂತ.
ಇಲ್ನೋಡಿ, ನಿಶ್ಶಬ್ದ ಅಂತಾನಲ್ಲ ಇವ್ನು,
ಬಂಡೆ ಹಲ್ಲು ಕಡಿಯೋದು ಕೇಳಿಲ್ಲ, ಅಂತ.
ಇಲ್ಲಿ ಏರ್‌ಬ್ಲಾಸ್ಟ್. ತಾರೀಕು ಬೇರೆ ಹಾಕವ್ನೆ.
ನಮ್ಮೋನೇ ಸಾರ್ ಇವ್ನು, ಚಾಂಪಿಯನ್ ರೀಫಿನೋನು,
ಕತೆ ಬರ್ದೋನಿಗೇ ಪಾಠ ಹೇಳವ್ನೆ!"

ಹೆಸರಿಲ್ಲ. ಒಳರಟ್ಟಿನಲ್ಲಿ ಟೋಕನ್ ನಂಬರು ಮಾತ್ರ.

ತೂಗಿದಳು. ನೂರೈವತ್ತು ಗ್ರಾಂ, ಆರು ರೂಪಾಯಿ.
ಚೀಲಕ್ಕೆ ಹಾಕುವವಳು ತಡೆದು,
"ಪೆನ್ಸಿಲಿಗೆ ಹತ್ತು ಸೇರ್ಸಿ ಕೊಡಿ" ಅಂದಳು.
ನಾನು ಚೌಕಾಸಿ ಮಾಡಲಿಲ್ಲ.

ಬಂಗಾರಪೇಟೆಯ ಗಾಡಿ ಕುಂಟುತ್ತ ಹೊರಟಿತು.
ಕಿಟಕಿಯಲ್ಲಿ ಸೈನೈಡ್ ದಿಬ್ಬ.
ಅನ್ಯಗ್ರಹ ಎನ್ನಲು ನಾಲಿಗೆ ತುರಿಸಿತು;
ಟೋಕನ್ನಿನವನು ಅಂಚಿನಲ್ಲಿ 'ಸುಳ್ಳು' ಎಂದಾನೆಂದು
ಸುಮ್ಮನಾದೆ.

ಕೊನೆಯ ಪುಟ. ಯಂತ್ರ ಮೇಲೆ ಬಂತು, ಬಾಗಿಲು ತೆರೆಯಿತು,
ಬಿಸಿಲು, ಅಪ್ಪುಗೆ, ಯಾರದೋ ಭಾಷಣ.
ಅದರ ಕೆಳಗೆ, ಯಾವ ಭಾಷೆಯೂ ಬೇಡದ ಗೀಟು:
ಐದು.

ಇಳಿಯುವ ಪುಟಕ್ಕೆ ಹಿಂದೆ ಓಡಿದೆ.
ಅಲ್ಲಿ ಆರು.

ಕೋರಮಂಡಲ್ ದಾಟುವವರೆಗೂ
ಬೆರಳಿಟ್ಟು ಒಂದೊಂದೇ ಹೆಸರು ಎಣಿಸಿದೆ.
ಅಡುಗೆಯವನು.
ತೊಂಬತ್ತನೇ ಪುಟದಲ್ಲಿ ಕಾಫಿ ಕಾಯಿಸಲು ಎದ್ದು ಹೋದವನು.
ಸತ್ತನೆಂದು ಎಲ್ಲೂ ಬರೆದಿಲ್ಲ.
ಮೇಲೆ ಬಂದನೆಂದೂ.